ಬೋರ್ಡ್ ಸತ್ತಿದೆ ಎನ್ನುವ ಮೊದಲು

ವಾರಂಟಿ ಮುಗಿದ ಮರುದಿನವೇ ಲ್ಯಾಪ್‌ಟಾಪ್ ಕೆಡುತ್ತದೆ ಎಂದು ನಮ್ಮ ಬಾಗಲಕೋಟೆ ಕಡೆಯ ಜನ ಗಟ್ಟಿಯಾಗಿ ನಂಬಿದ್ದಾರೆ. ಕಂಪನಿಯವರು ಒಳಗೊಂದು ಗುಟ್ಟಿನ ಗಡಿಯಾರ ಇಟ್ಟಿರುತ್ತಾರೆ, ದಿನ ತುಂಬಿದ ಕೂಡಲೇ ಅದು ಯಂತ್ರದ ಕತ್ತು ಹಿಸುಕುತ್ತದೆ ಎಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರರೊಬ್ಬರು ನನ್ನ ಅಂಗಡಿಯಲ್ಲಿ ಕುಳಿತು ಒಂದು ತಾಸು ವಾದಿಸಿದ್ದರು. ಲೆಕ್ಕವಿಲ್ಲದಷ್ಟು ಯಂತ್ರ ಬಿಚ್ಚಿದ್ದೇನೆ, ಆ ಗಡಿಯಾರ ನನಗೆ ಸಿಕ್ಕಿಲ್ಲ. ಸಿಕ್ಕಿದ್ದು ಶೇಂಗಾ ಸಿಪ್ಪೆ, ಜಿರಲೆ, ಒಣಗಿದ ಚಹಾ, ತಲೆಗೂದಲು, ಒಮ್ಮೆ ಒಂದು ಮಗುವಿನ ಹಾಲುಹಲ್ಲು. ಆ ಹಲ್ಲನ್ನು ಕಾಗದದಲ್ಲಿ ಕಟ್ಟಿ ಲ್ಯಾಪ್‌ಟಾಪಿನ ಜೊತೆಗೇ ವಾಪಸು ಕೊಟ್ಟೆ.

ನನ್ನ ಹೆಸರು ಸಂಗಪ್ಪ. ಹುಟ್ಟಿದೂರು ಹುನಗುಂದ, ಅನ್ನ ಕೊಟ್ಟಿದ್ದು ಬಾಗಲಕೋಟೆ. ಕಳೆದ ವರ್ಷ ಅಂಗಡಿ ಬಿಟ್ಟು ಮನೆಯಲ್ಲಿ ಕುಳಿತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಯಾವ ಕೋರ್ಸ್ ಮಾಡಬೇಕು, ಯಾವ ಸೂಕ್ಷ್ಮದರ್ಶಕ ಕೊಳ್ಳಬೇಕು ಎಂದು ಫೋನಿನಲ್ಲಿ ಕೇಳುತ್ತಾರೆ. ಅದನ್ನೆಲ್ಲ ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಯಾರೂ ಕೇಳದೇ ಇರುವುದನ್ನು ಬರೆಯೋಣ ಎಂದು ಕುಳಿತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಹೆಡ್ ಆದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೆ ಲಾಭವಿಲ್ಲ, ನನಗೂ ಅಷ್ಟೇನು ಆಗಲಿಲ್ಲ.

ಕೆಲಸ ಕಲಿತದ್ದು ಹುನಗುಂದದಲ್ಲಿ, ಮೆಹಬೂಬ್ ಉಸ್ತಾದರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅಂಗಡಿ ಎಂದರೆ ಎರಡು ಬಾಗಿಲಿನ ಡಬ್ಬಿ. ಉಸ್ತಾದರ ಪಾಠವೂ ಅಷ್ಟೇ ಚಿಕ್ಕದು.

"ಲೇ ಸಂಗ್ಯಾ, ಮೊದ್ಲ ಮೂಗು. ಆಮ್ಯಾಲೆ ಕಣ್ಣು. ಕಡೀಕ ಕೈ," ಎನ್ನುತ್ತಿದ್ದರು. ನಾನು ಮೊದಲೇ ಕೈ ಹಾಕಿದರೆ ಸ್ಕ್ರೂಡ್ರೈವರಿನ ಹಿಡಿಯಿಂದ ನೆತ್ತಿಗೆ ಒಂದು ಬೀಳುತ್ತಿತ್ತು.

ಒಮ್ಮೆ ಒಬ್ಬ ಗೌಡರ ಮನೆಯ ಟಿ.ವಿ. ಬಂತು. ನಾನು ಅರ್ಧ ದಿನ ಮೀಟರು ಹಿಡಿದು ಅಳೆದೇ ಅಳೆದೆ. ಉಸ್ತಾದರು ನಮಾಜು ಮುಗಿಸಿ ಬಂದವರು ಮೂಗು ಹತ್ತಿರ ಒಯ್ದು, "ಇಲಿ" ಎಂದರು. ಹಿಂದಿನ ಮೂಲೆಯಲ್ಲಿ ಅರಿವೆ ಚೂರಿನ ಗೂಡು, ಅದರಲ್ಲಿ ಕಣ್ಣು ತೆರೆಯದ ಐದು ಮರಿ. ನಾನು ಎತ್ತಿ ಹೊರಗೆ ಹಾಕಲು ಹೋದೆ. ಉಸ್ತಾದರು ಕೈ ಹಿಡಿದರು. "ಇರ್ಲಿ ಬಿಡಲೇ. ಅದರ ಅವ್ವ ಬಂದು ಒಯ್ಯಲಿ." ಎಂಟು ದಿನ ಆ ಟಿ.ವಿ. ಹಾಗೇ ಬಾಯ್ದೆರೆದು ಕುಳಿತಿತ್ತು. ಗೌಡರು ಬಂದಾಗಲೆಲ್ಲ ಉಸ್ತಾದರು, "ಹುಬ್ಬಳ್ಳಿಯಿಂದ ಸಾಮಾನು ಬರಬೇಕ್ರಿ ಗೌಡ್ರ," ಎಂದು ಮುಖದ ಗೆರೆ ಅಲುಗಿಸದೆ ಸುಳ್ಳು ಹೇಳಿದರು. ಅಷ್ಟು ಚಂದ ಸುಳ್ಳು ಹೇಳುವುದನ್ನು ಮಾತ್ರ ನಾನು ಅವರಿಂದ ಕಲಿಯಲಿಲ್ಲ.

ಆಮೇಲೆ ಕಂಪ್ಯೂಟರಿನ ಕಾಲ ಬಂತು. ನಾನು ಬಾಗಲಕೋಟೆಯ ನವನಗರಕ್ಕೆ ಬಂದು ಒಂದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸೇರಿದೆ. ಕಂಪನಿಯ ಹೆಸರು ಬೇಡ. ಮ್ಯಾನೇಜರು ದೇಸಾಯಿ ಸರ್. ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಟೈ, ಡಬ್ಬಿಯಲ್ಲಿ ತಂದ ಬದನೆಕಾಯಿ ಎಣಗಾಯಿ ಎಲ್ಲರಿಗೂ ಹಂಚಿ ತಿನ್ನುವ ಒಳ್ಳೆಯ ಮನುಷ್ಯ. ಮೊದಲ ದಿನ ನಾನು ಬೆಸುಗೆ ಹಾಕುವ ಕಾವಿ ತೆಗೆದಿದ್ದನ್ನು ಕಂಡು ಹೌಹಾರಿದರು.

"ಏ ಸಂಗಪ್ಪ, ಅದನ್ನ ಮೊದಲ ಒಳಗಿಡು. ನಾವಿಲ್ಲಿ ರಿಪೇರಿ ಮಾಡೂದಿಲ್ಲ. ಬದಲಿ ಮಾಡ್ತೇವಿ."

ಅದೇ ಅಲ್ಲಿಯ ಪದ್ಧತಿ. ಲ್ಯಾಪ್‌ಟಾಪ್ ಚಾಲೂ ಆಗಲಿಲ್ಲವೇ, ಒಳಗಿನ ದೊಡ್ಡ ಬೋರ್ಡ್ ಬದಲಿಸು. ವಾರಂಟಿ ಇದ್ದವರಿಗೆ ಪುಕ್ಕಟೆ, ಮುಗಿದವರಿಗೆ ಹೊಸ ಲ್ಯಾಪ್‌ಟಾಪಿಗೆ ಸಮೀಪದ ಬಿಲ್ಲು. ಬೋರ್ಡಿನ ಮೇಲೆ ಎಲ್ಲಿ ಏನಾಗಿದೆ ಎಂದು ಹುಡುಕುವಷ್ಟು ಹೊತ್ತು ಕಂಪನಿ ನಮಗೆ ಕೊಡುತ್ತಿರಲಿಲ್ಲ. "ಬೋರ್ಡ್ ಸತ್ತೈತ್ರಿ," ಎಂದು ಹೇಳುವುದು ನನಗೆ ಎಷ್ಟು ರೂಢಿಯಾಯಿತೆಂದರೆ, ಬಂದವರ ಮುಖ ನೋಡದೆಯೇ ಹೇಳುತ್ತಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯ ಕೆಲಸ ಅದು.

ನಗು ಬರುವ ದಿನಗಳೂ ಇದ್ದವು. ಬಾದಾಮಿಯ ಗುಹೆಗಳ ಹತ್ತಿರ ಬಂದವರ ಫೋಟೋ ತೆಗೆದು ಅಲ್ಲೇ ಅಚ್ಚು ಹಾಕಿ ಕೊಡುವ ಬಸು ಎಂಬವನು ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಬಂದ. ಕೀಲಿಮಣೆಯಲ್ಲಿ ಅರ್ಧ ಕೀಲಿಗಳೇ ಇರಲಿಲ್ಲ.

"ಮಂಗ್ಯಾ ಕಿತ್ತೈತ್ರಿ ಸರ," ಎಂದ. "ನಾ ಶೇಂಗಾ ತಿನಕೋತ ಕೆಲಸಾ ಮಾಡ್ತೇನಿ. ಸಂದ್ಯಾಗ ಕಾಳು ಬಿದ್ದಿದ್ದುವು. ಅದು ಒಂದೊಂದ ಕಿತ್ತು ಹುಡಕ್ಯಾಡೇತಿ."

ನಮ್ಮ ಫಾರ್ಮಿನಲ್ಲಿ ಬಿದ್ದದ್ದು, ನೀರು, ಬೆಂಕಿ, ಕರೆಂಟು ಎಂದು ಕಾಲಮ್ಮುಗಳಿದ್ದವು. ಮಂಗನಿಗೆ ಕಾಲಮ್ಮು ಇರಲಿಲ್ಲ. ದೇಸಾಯಿ ಸರ್ ಮೇಲಿನ ಆಫೀಸಿಗೆ ಫೋನು ಮಾಡಿದರು. ಅವರು ಪುರಾವೆ ಕಳಿಸಿ ಎಂದರು. ಬಸು ಫೋಟೋಗ್ರಾಫರು ತಾನೇ, ಬಾಯಲ್ಲಿ ಕೀಲಿ ಕಚ್ಚಿಕೊಂಡು ಕುಳಿತ ಮಂಗನ ಚೊಕ್ಕ ಫೋಟೋ ಅವನ ಕ್ಯಾಮರಾದಲ್ಲೇ ಇತ್ತು. ಕಳಿಸಿದೆವು. ವಾರಂಟಿ ಇನ್ನೂ ಐದು ತಿಂಗಳಿದ್ದರೂ ಪ್ರಾಣಿಗಳಿಂದಾದ ಹಾನಿ ಅದರಲ್ಲಿ ಬರುವುದಿಲ್ಲ ಎಂದು ಉತ್ತರ ಬಂತು. ಕಡೆಗೆ ನಾನೇ ಹಾಳಾದ ಮೂರ್ನಾಲ್ಕು ಕೀಲಿಮಣೆಗಳಿಂದ ಕೀಲಿ ಆರಿಸಿ ಕೂರಿಸಿ ಕೊಟ್ಟೆ. ಕೆಲವು ಕರಿ, ಕೆಲವು ಬೂದು. ಬಸು ಇನ್ನೂ ಅದರಲ್ಲೇ ಕೆಲಸ ಮಾಡುತ್ತಾನೆ, ಶೇಂಗಾ ಮಾತ್ರ ಬಿಟ್ಟಿದ್ದಾನಂತೆ.

ಈಗ ನನಗೆ ನಾಚಿಕೆ ತರುವ ಸಂಗತಿ. ವಿದ್ಯಾಗಿರಿಯ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ, ಹೆಸರು ರೇಣುಕಾ, ಕೊನೆಯ ವರ್ಷದ ಪ್ರಾಜೆಕ್ಟ್ ನಡೆದಾಗ ಲ್ಯಾಪ್‌ಟಾಪ್ ತಂದಳು. ವಾರಂಟಿ ಮುಗಿದಿತ್ತು. ಗುಂಡಿ ಒತ್ತಿದರೆ ದೀಪ ಬರುತ್ತಿತ್ತು, ಪರದೆ ಕಪ್ಪು. ನಾನು ಬಿಚ್ಚಲೂ ಇಲ್ಲ. "ಬೋರ್ಡ್ ಸತ್ತೈತವ್ವಾ," ಎಂದೆ. ಬಿಲ್ಲಿನ ಮೊತ್ತ ಕೇಳಿ ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ವರ್ಷದ ಮೇಲೆ ನಾನು ಬಿಡಿಭಾಗ ಹುಡುಕಲು ಗುಜರಿ ಅಂಗಡಿಗೆ ಹೋದಾಗ ಅದೇ ಲ್ಯಾಪ್‌ಟಾಪ್ ತಗಡಿನ ರಾಶಿಯಲ್ಲಿ ಬಿದ್ದಿತ್ತು. ಮನೆಗೆ ತಂದು ಬಿಚ್ಚಿದೆ. ಒಳಗಿನ ರ‍್ಯಾಮ್ ಎಂಬ ಸಣ್ಣ ಪಟ್ಟಿಯ ಹಲ್ಲುಗಳಿಗೆ ಕಪ್ಪು ಕಟ್ಟಿತ್ತು. ಮೊಮ್ಮಗಳ ಕಂಪಾಸ್ ಡಬ್ಬಿಯಿಂದ ರಬ್ಬರ್ ತೆಗೆದು ನಾಲ್ಕು ಸಲ ತಿಕ್ಕಿ ಕೂರಿಸಿದೆ. ಯಂತ್ರ ಚಾಲೂ ಆಯಿತು. 'ಸ್ವಾಗತ, ರೇಣುಕಾ' ಎಂದು ಪರದೆಯ ಮೇಲೆ ಬಂತು.

ನನಗೆ ಆ ಪರದೆಯನ್ನು ನೋಡಲಾಗಲಿಲ್ಲ, ಮುಚ್ಚಿಬಿಟ್ಟೆ. ಕಾಲೇಜಿಗೆ ಹೋಗಿ ವಿಚಾರಿಸಿದೆ. ಪ್ರಾಜೆಕ್ಟ್ ಒಪ್ಪಿಸಲಾಗದೆ ಅವಳ ಆ ವರ್ಷ ಹಾಳಾಗಿತ್ತು, ಮುಂದೆ ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿರಲಿಲ್ಲ. ಒಂದು ರಬ್ಬರಿನ ಕೆಲಸ. ನಾನು ಹತ್ತು ನಿಮಿಷ ಕೊಟ್ಟಿರಲಿಲ್ಲ. ಮರುವಾರ ದೇಸಾಯಿ ಸರ್ ಕೈಗೆ ರಾಜೀನಾಮೆ ಕೊಟ್ಟೆ. ಅವರು ಓದಿ, ಟೈ ಸಡಿಲ ಮಾಡಿಕೊಂಡು, "ನೀ ಮಾಡೂದು ಖರೆ ಐತಿ ಬಿಡು. ನನಗ ಧೈರ್ಯ ಇಲ್ಲ," ಎಂದರು.

ಹಳೇ ಬಾಗಲಕೋಟೆಯಲ್ಲಿ ಒಂದು ಖೋಲಿ ಹಿಡಿದು ನನ್ನದೇ ಅಂಗಡಿ ಇಟ್ಟೆ. ಬಾಗಿಲ ಮೇಲೆ 'ವಾರಂಟಿ ಮುಗಿದವರು ಬರ್ರಿ' ಎಂದು ಬರೆಸಿದೆ. ಬೋರ್ಡಿನ ಮೇಲೇ ದೋಷ ಹುಡುಕಿ ಸರಿಪಡಿಸುವ ವಿದ್ಯೆಯನ್ನು ಐವತ್ತು ದಾಟಿದ ಮೇಲೆ ಹೊಸದಾಗಿ ಕಲಿತೆ. ಅರ್ಧ ಯೂಟ್ಯೂಬಿನಿಂದ, ಅರ್ಧ ಸುಟ್ಟುಕೊಂಡ ಬೆರಳಿನಿಂದ. ಅಕ್ಕಿಯ ನುಚ್ಚಿಗಿಂತ ಸಣ್ಣ ಭಾಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎತ್ತಿ ಕೂರಿಸುವಾಗ ಎಷ್ಟೋ ಸಲ ಅವು ಹಾರಿ ಹೋಗಿ, ನಾನು ನೆಲದ ಮೇಲೆ ಬೋರಲು ಮಲಗಿ ಮೇಜಿನಡಿ ಹುಡುಕಿದ್ದೇನೆ. ಒಂದು ಸಲ ಅದು ನನ್ನ ಮೀಸೆಯಲ್ಲೇ ಸಿಕ್ಕಿಕೊಂಡಿತ್ತು.

ಕೈ ಚೆನ್ನಾಗಿ ಕುದುರಿತು ಅನ್ನುವಷ್ಟರಲ್ಲಿ ಕೈಯೇ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿ ಸದ್ದು ಮಾಡಿತು, ಆಮೇಲೆ ಇಕ್ಕಳ. ಡಾಕ್ಟರು ವಯಸ್ಸಿನದು ಎಂದರು. ನಾನು ಹೆಂಡತಿಗೂ ಹೇಳಲಿಲ್ಲ. ಮೊಣಕೈ ಮೇಜಿಗೆ ಒತ್ತಿ ಹಿಡಿದು, ಉಸಿರು ಕಟ್ಟಿ, ಒಂದೆರಡು ವರ್ಷ ಹೇಗೋ ತಳ್ಳಿದೆ. ಅದೇ ಹೊತ್ತಿಗೆ ಇಳಕಲ್ಲಿನಿಂದ ಸುವರ್ಣಾ ಬಂದಳು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನೇಕಾರರ ಮನೆತನ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ತೆಳ್ಳನೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು.

"ಕಾಕಾರ, ವಾರಂಟಿ ಮುಗದು ಮೂರು ವಾರ ಆತ್ರಿ. ಕಂಪನಿಯವ್ರು ಬೋರ್ಡ್ ಸತ್ತೈತಿ, ಹೊಸಾದು ಹಾಕ್ತೇವಿ ಅಂದ್ರು. ಹಾಕಿದ್ರ ಒಳಗಿಂದೆಲ್ಲಾ ಹೋಗ್ತೈತಂತ."

"ಒಳಗೇನೈತವ್ವಾ?"

"ನಮ್ಮಪ್ಪ ಅದಾನ್ರಿ," ಎಂದಳು.

ಕುಳ್ಳಿರಿಸಿ ನೀರು ಕೊಟ್ಟು ಕೇಳಿದೆ. ಅವಳ ತಂದೆ ವೀರಪ್ಪನವರು ಐವತ್ತು ವರ್ಷ ಕೈಮಗ್ಗದ ಮೇಲೆ ಕುಳಿತವರು. ಇಳಕಲ್ ಸೀರೆಯ ಅಂಚಿಗೆ ಅವರ ಕಡೆ ದಡಿ ಎನ್ನುತ್ತಾರೆ. ಈಗ ಯಾರೂ ನೇಯದ ಹದಿನಾರು ಹಳೆಯ ದಡಿಗಳು ಅವರ ತಲೆಯಲ್ಲಿದ್ದವು. ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಒಂದು ಮಳೆಗಾಲವಿಡೀ ಸುವರ್ಣಾ ಅವರ ಎದುರು ಲ್ಯಾಪ್‌ಟಾಪ್ ಇಟ್ಟು, ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು, ಯಾವ ಬಣ್ಣ ಎಷ್ಟು ಎಂದು ಅವರ ಬಾಯಿಂದಲೇ ಹೇಳಿಸಿ ದನಿ ತುಂಬಿಕೊಂಡಿದ್ದಳು. ಬರೆದು ನಕ್ಷೆ ಮಾಡಲು ಇನ್ನೂ ಶುರು ಮಾಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ವೀರಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ನಿಂತಿತು. ಸಂಕ್ರಮಣದ ಹೊತ್ತಿಗೆ ಲ್ಯಾಪ್‌ಟಾಪೂ ನಿಂತಿತು.

"ಪೆನ್ ಡ್ರೈವಿಗೆ ಹಾಕಿಟ್ಟಿರಲಿಲ್ಲೇನು?"

"ನಾಳೆ ಹಾಕೋಣು, ನಾಳೆ ಹಾಕೋಣು ಅನಕೋತ ಇದ್ವಿರಿ."

"ಅಪ್ಪನ್ನ ಮತ್ತ ಕೇಳಾಕ ಬರೂದಿಲ್ಲೇನು? ಕೈಸನ್ನಿಲೆ?"

"ಅಪ್ಪಗ ಏನೂ ತಿಳಿಯೂದಿಲ್ರಿ ಈಗ. ಸುಮ್ನ ಮ್ಯಾಲಿನ ಜಂತಿ ನೋಡಕೋತ ಕುಂದರ್ತಾನ."

ಹೊಸಬರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಕೂಡಿಡುವ ಹಾರ್ಡ್ ಡಿಸ್ಕ್ ಬೇರೆಯಾಗಿರುತ್ತದೆ. ಬೋರ್ಡ್ ಸತ್ತರೂ ಸ್ಕ್ರೂ ಬಿಚ್ಚಿ ಅದನ್ನು ಹೊರಗೆ ತೆಗೆಯಬಹುದು. ಈ ತೆಳು ಲ್ಯಾಪ್‌ಟಾಪಿನಲ್ಲಿ ಅದನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಬೋರ್ಡ್ ಬದಲಿಸಿದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ವೀರಪ್ಪನವರ ದನಿ ಕಸದ ಬುಟ್ಟಿಗೆ ಹೋಗುತ್ತದೆ. ಆ ದನಿ ಬೇಕೆಂದರೆ ಇದೇ ಬೋರ್ಡನ್ನು ಎಬ್ಬಿಸಬೇಕು. ಬೇರೆ ದಾರಿ ಇಲ್ಲ.

"ಮ್ಯಾಲೇನಾರ ಬಿದ್ದಿತ್ತೇನು? ನೀರು, ಚಾ?"

"ಏನೂ ಇಲ್ರಿ. ಮಗ್ಗದ ಮನ್ಯಾಗ ನಾವು ನೀರಿನ ತಂಬಗಿ ಸುದ್ದಾ ಇಡೂದಿಲ್ಲ."

ಬಿಚ್ಚಿ ಮೂಗು ಹತ್ತಿರ ಒಯ್ದೆ. ಹಳಸಿದ ಕೊಬ್ಬರಿಯ ವಾಸನೆ. ಕೀಲಿಮಣೆಯ ಕೆಳಗೆ ಬೂದಿಯ ಪದರು, ನಡುವೆ ಒಂದು ಕಡೆ ಕೆಂಪು. ಕರೆಂಟು ಒಳಗೆ ಬರುವ ಜಾಗದಲ್ಲಿ ತಾಮ್ರ ಹಸಿರುಗಟ್ಟಿತ್ತು.

"ಖಂಡೇ ಪೂಜಿಗೆ ಇದನ್ನೂ ಇಟ್ಟಿದ್ರೇನು?" ಎಂದು ಕೇಳಿದೆ.

ಅವಳ ಮುಖ ಇಳಿಯಿತು. ಮಹಾನವಮಿಯಲ್ಲಿ ನಮ್ಮ ಕಡೆ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ನೇಕಾರರು ಮಗ್ಗಕ್ಕೆ ಮಾಡುತ್ತಾರೆ.

"ಅಪ್ಪನೇ ಇಟ್ಟಿದ್ದನ್ರಿ. ಮಗ್ಗಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ ಬ್ಯಾಡ, ನನ್ನ ದಡಿಯೆಲ್ಲಾ ಇದರಾಗ ಅದಾವು ಅಂದ. ತೆರದಿಟ್ಟು ಈಬತ್ತಿ ಹಚ್ಚಿ, ಕಾಯಿ ಒಡದು, ತನ್ನ ಕೈಲೆ ನೀರು ಚಿಮಕಿಸಿದ. ಅದರಿಂದ ಕೆಟ್ಟೈತೇನ್ರಿ?"

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಎಂಥೆಂಥವರನ್ನೋ ಬೈದಿದ್ದೇನೆ, ಕೀಲಿಮಣೆ ಮೇಲೆ ಸಾರು ಚೆಲ್ಲಿದ ಪ್ರೊಫೆಸರರನ್ನೂ ಬಿಟ್ಟಿಲ್ಲ. ಇಲ್ಲಿ ಯಾರಿಗೆ ಬೈಯುವುದು? ನನ್ನ ಅಂಗಡಿಯಲ್ಲೂ ನಾನು ಪ್ರತಿ ವರ್ಷ ಕಾಯಿ ಒಡೆಯುತ್ತೇನೆ, ಹೊಸಿಲಿನ ಹೊರಗೆ ಒಡೆಯುತ್ತೇನೆ ಅಷ್ಟೇ. "ಮಾಡೋಣು ತಡಿಯವ್ವಾ," ಎಂದೆ.

ಎರಡು ದಿನ ಸ್ಪಿರಿಟ್ಟಿನಿಂದ ತೊಳೆದೆ, ಕುಂಚದಿಂದ ಉಜ್ಜಿದೆ, ಒಣಗಿಸಿದೆ. ಬೋರ್ಡಿನ ಮೇಲೆ ಕೂದಲಿನಂಥ ತಾಮ್ರದ ದಾರಿಗಳಿರುತ್ತವೆ, ಕರೆಂಟು ಹರಿಯುವುದು ಅವುಗಳಲ್ಲಿ. ಅಂಥ ಎರಡು ದಾರಿಗಳನ್ನು ಕಾಯಿಯ ನೀರಿನ ಉಪ್ಪು ತಿಂದುಹಾಕಿತ್ತು. ಅವುಗಳ ಮೇಲೆ ಸಣ್ಣ ತಂತಿ ಬೆಸೆದು ಸೇತುವೆ ಕಟ್ಟಬೇಕಿತ್ತು. ಮೊದಲಿನ ನಾನಾಗಿದ್ದರೆ ಅರ್ಧ ತಾಸಿನ ಕೆಲಸ.

ಮೂರನೆಯ ದಿನ ಸುವರ್ಣಾ ಎದುರಿಗೇ ಕುಳಿತಿದ್ದಳು. ತಂತಿ ಹಿಡಿದು ಕಾವಿ ಒಯ್ದೆ. ತಂತಿ ಒಂದು ಕಡೆ ಕುಣಿಯಿತು, ಕಾವಿ ಇನ್ನೊಂದು ಕಡೆ. ಎರಡನೆಯ ಸಲ ಉಸಿರು ಕಟ್ಟಿದೆ. ಕಾವಿಯ ತುದಿ ಜಾರಿ, ತಂತಿ ಕೂರಬೇಕಾಗಿದ್ದ ತಾಮ್ರದ ಚುಕ್ಕೆಯನ್ನೇ ಕಿತ್ತುಕೊಂಡು ಬಂತು. ಆ ದಾರಿಗೆ ಇನ್ನು ಉಳಿದಿದ್ದು ಮತ್ತೊಂದೇ ಚುಕ್ಕೆ. ಅದೂ ಕಿತ್ತರೆ ಈ ಬೋರ್ಡನ್ನು ಯಾರೂ ಎಬ್ಬಿಸಲಾರರು.

ಹೊಸಬರೇ, ನೀವೂ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತೀರಿ. ಆಗ ಎರಡು ದಾರಿ ಇರುತ್ತವೆ. "ಮೊದಲೇ ಸತ್ತಿತ್ತು" ಎಂದು ಹೇಳಿ ಕಳಿಸಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಎಂದು ಮುಚ್ಚುಮರೆಯಿಲ್ಲದೆ ಒಪ್ಪುತ್ತೇನೆ. ಕಾವಿ ಕೆಳಗಿಟ್ಟೆ.

"ಸುವರ್ಣಾ, ನಾ ಈಗ ಒಂದು ಚುಕ್ಕಿ ಹಾಳು ಮಾಡೇನಿ. ನನ್ನ ಕೈ ನಡಗತಾವು. ಎರಡು ವರ್ಷಾತು. ಯಾರ ಮುಂದೂ ಹೇಳಿಲ್ಲ."

ಕೂಗಾಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ನೋಡಿದಳು, ಆಮೇಲೆ, "ನಾ ಒಂದೀಟ ನೋಡ್ಲಿರಿ?" ಎಂದು ಎದ್ದು ಬಂದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಮೇಜಿನ ಮೇಲಿದ್ದ ತಂತಿಯನ್ನು ಎರಡು ಬೆರಳಿನಲ್ಲಿ ಹೊಸೆದು, "ಕಾಕಾರ, ಇದು ದಪ್ಪ ಐತ್ರಿ," ಎಂದಳು.

ನನ್ನ ಕಣ್ಣಿಗೆ ಕಾಣಿಸದ ತಂತಿ ಅವಳಿಗೆ ದಪ್ಪ! ಆಮೇಲೆ ತಿಳಿಯಿತು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಒಂದು ಸೀರೆಯ ಅಗಲಕ್ಕೆ ಸಾವಿರಗಟ್ಟಲೆ ಎಳೆ. ಸುವರ್ಣಾ ಎಂಟನೆಯ ವಯಸ್ಸಿನಿಂದ ಆ ಕೆಲಸ ಮಾಡಿದವಳು.

"ನೀವು ಎಳಿ ಕೈಯಾಗ ಹಿಡದು ಹಚ್ಚಾಕ ಹೋಗ್ತೀರಿ. ನಾವು ಹಿಡಿಯೂದಿಲ್ರಿ. ಮೊದಲ ಎರಡೂ ಕಡೆ ಬಿಗದು ಕಟ್ಟತೇವಿ. ಬಿಗದ ಎಳಿ ಅಳ್ಳಾಡೂದಿಲ್ಲ."

ಮೂವತ್ತೈದು ವರ್ಷ ಬೆಸುಗೆ ಹಾಕಿದವನಿಗೆ ಈ ಬುದ್ಧಿ ಹೊಳೆದಿರಲಿಲ್ಲ. ಸಿಟ್ಟೂ ಬಂತು, ನಗುವೂ ಬಂತು. "ಹಂಗಾರ ನೀನ ಮಾಡು," ಎಂದೆ. ಸಿಟ್ಟಿನಲ್ಲಿ ಅಂದದ್ದು. ಅವಳು, "ಕಲಸ್ರಿ," ಎಂದಳು.

ಕಲಿಸಿದೆ. ಅಪ್ಪನನ್ನು ಅವ್ವನ ಕೈಗೊಪ್ಪಿಸಿ ಅವಳು ದಿನಾಲು ಬೆಳಗ್ಗೆ ಇಳಕಲ್ಲಿನಿಂದ ಹುನಗುಂದದ ಮೇಲೆ ಹಾದು ಬರುವ ಬಸ್ಸು ಹಿಡಿದು ಬಂದಳು. ಹಾಳಾದ ಬೋರ್ಡುಗಳ ಮೇಲೆ ಅಭ್ಯಾಸ. ಬೋರ್ಡಿನ ಎರಡೂ ಪಕ್ಕ ಮೇಜಿಗೆ ಮೊಳೆ ಹೊಡೆದು ತಂತಿಯನ್ನು ಮಗ್ಗದ ಹಾಸಿನಂತೆ ಬಿಗಿದು, ಅದು ಚುಕ್ಕೆಯ ಮೇಲೆ ತಾನಾಗಿ ಕೂರುವಂತೆ ಮಾಡುತ್ತಿದ್ದಳು. ಆಮೇಲೆ ಕಾವಿ ಬರೀ ಮುಟ್ಟಿಸುವುದು. ಮೊದಲ ದಿನ ಬೆರಳು ಸುಟ್ಟುಕೊಂಡಳು, ಎರಡನೆಯ ದಿನ ಮೂರು ಬೋರ್ಡ್ ಸುಟ್ಟಳು. ಐದನೆಯ ದಿನ ಹಾಕಿದ ಹತ್ತು ಬೆಸುಗೆಗಳಲ್ಲಿ ನಾನು ತಪ್ಪು ತೆಗೆಯುವಂಥದ್ದು ಒಂದೂ ಇರಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಆರನೆಯ ದಿನ ನಿಜವಾದ ಬೋರ್ಡ್ ಮೇಜಿಗೆ ಬಂತು. ಅವಳು ತಂತಿ ಬಿಗಿದಳು. ಕಾವಿ ಎತ್ತಿಕೊಳ್ಳುವ ಮೊದಲು, ಎಳೆ ಕೂಡಿಸುವಾಗ ಬೆರಳು ಜಾರಬಾರದೆಂದು ನೇಕಾರರ ಮನೆಯಲ್ಲಿ ಮಾಡುವ ರೂಢಿಯಂತೆ, ಅವಳ ಕೈ ತಾನಾಗಿ ದೇವರ ಫೋಟೋದ ಮುಂದಿನ ಈಬತ್ತಿಯ, ಅಂದರೆ ವಿಭೂತಿಯ, ಕರಡಿಗೆಯತ್ತ ಹೋಯಿತು.

"ಬೂದಿ ಬ್ಯಾಡ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

ಅವಳು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು. ಎದುರಿನ ಹೂವಿನ ಅಂಗಡಿಯವನು ಎದ್ದು ನಿಂತು ನೋಡಿದ. ಒಬ್ಬರ ಮುಖ ಒಬ್ಬರು ನೋಡಿ ಇಬ್ಬರೂ ನಕ್ಕುಬಿಟ್ಟೆವು. ಆ ನಗುವಿನಿಂದ ಒಳ್ಳೆಯದೇ ಆಯಿತು, ಅವಳ ಭುಜದ ಬಿಗಿ ಇಳಿಯಿತು. ಸೆರಗಿಗೆ ಬೆರಳು ಒರೆಸಿಕೊಂಡು, ಕಣ್ಣಿಟ್ಟು, ಕಾವಿ ಮುಟ್ಟಿಸಿದಳು. ಒಂದು. ಎರಡು. ತಂತಿಯ ಬಾಲ ಕತ್ತರಿಸಿದಳು. ನಾನು ಮೀಟರು ಹಿಡಿದು ನೋಡಿದೆ. ಎರಡೂ ದಾರಿಗಳು ಕೂಡಿದ್ದವು.

ಕರೆಂಟು ಕೊಟ್ಟೆ. ದೀಪ ಬಂತು, ಹೋಯಿತು. ಅವಳು ನನ್ನ ತೋಳು ಹಿಡಿದುಕೊಂಡಳು. ನಾನು ಬನಶಂಕರಿಯನ್ನೂ ಬಸವಣ್ಣನನ್ನೂ ಮೆಹಬೂಬ್ ಉಸ್ತಾದರನ್ನೂ ಒಟ್ಟಿಗೇ ನೆನೆದೆ. ಬ್ಯಾಟರಿಯ ತಂತಿ ಸಡಿಲವಿದ್ದದ್ದು ಆಮೇಲೆ ಕಂಡಿತು. ಒತ್ತಿ ಕೂರಿಸಿ ಮತ್ತೆ ಗುಂಡಿ ಅದುಮಿದೆ. ಪರದೆ ಬೆಳ್ಳಗಾಯಿತು.

ಮೊದಲು ಎಲ್ಲವನ್ನೂ ಮೂರು ಪೆನ್ ಡ್ರೈವಿಗೆ ಹಾಕಿಸಿದೆ. ಹಾಕುವ ತನಕ ಒಂದನ್ನೂ ಕೇಳಿಸಲಿಲ್ಲ, ಅವಳು ಎಷ್ಟು ಬೇಡಿಕೊಂಡರೂ. ಇದನ್ನು ಹೊಸಬರು ಬರೆದಿಟ್ಟುಕೊಳ್ಳಿ. ಕಟ್ಟಕಡೆಗೆ ಒಂದನ್ನು ಒತ್ತಿದೆ. ಕಫ ಕಟ್ಟಿದ ಗಂಟಲಿನಲ್ಲಿ ಮಗಳನ್ನು ಛೇಡಿಸುವ ಮುದುಕನ ದನಿ, ಹಿಂದೆ ಮಗ್ಗದ ಸಪ್ಪಳ: "ಬರಕೋರಿ ಮೇಡಂ... ಕೆಂಪು ಎರಡು, ಬಿಳಿ ಒಂದು..." ಸುವರ್ಣಾ ಸೀರೆಯ ತುಂಡಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಕಣ್ಣು ತುಂಬಿತು, ಕನ್ನಡಕ ಒರೆಸುವ ನೆವ ಮಾಡಿದೆ.

ಆ ವರ್ಷವೇ ಅಂಗಡಿ ಬಿಡಲು ತೀರ್ಮಾನಿಸಿದೆ. ನನ್ನ ಸೂಕ್ಷ್ಮದರ್ಶಕ ಇಂದು ಇಳಕಲ್ಲಿನಲ್ಲಿ ಅವಳ ಮಗ್ಗದ ಕೋಣೆಯ ಕಿಟಕಿಗೆ ಕುಳಿತಿದೆ. ಹುಬ್ಬಳ್ಳಿಯ ರಿಪೇರಿಯವರೂ ಕೈಬಿಟ್ಟ ಬೋರ್ಡುಗಳನ್ನು ಅವಳಿಗೆ ಕಳಿಸುತ್ತಾರೆ. ಆದರೆ ನಾನು ಹೇಳಬೇಕಾಗಿರುವುದು ಲ್ಯಾಪ್‌ಟಾಪ್ ಎದ್ದ ಮರುದಿನದ ಸಂಗತಿ. ಪ್ರಯಾಣದಲ್ಲಿ ಏನಾದರೂ ಸಡಿಲವಾದೀತೆಂದು ನಾನೂ ಅವಳ ಜೊತೆ ಇಳಕಲ್ಲಿಗೆ ಹೋಗಿದ್ದೆ.

ವೀರಪ್ಪನವರು ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ನಾನು ನಮಸ್ಕಾರ ಎಂದೆ, ಅವರು ಜಂತಿ ನೋಡುತ್ತಲೇ ಇದ್ದರು. ಅವರ ಹೆಂಡತಿ, "ಯಾರ ಬಂದ್ರೂ ಇಷ್ಟ ನೋಡ್ರಿ. ಡಾಕ್ಟರು ಇನ್ನ ಹಿಂಗ ಅಂದಾರ," ಎಂದು ನನಗೆ ಮಣೆ ಹಾಕಿದರು. ನಾನೂ ಹೌದೆಂದು ತಲೆಯಾಡಿಸಿದೆ. ಮನುಷ್ಯನದು ಹೋಯಿತು, ದನಿಯಾದರೂ ಉಳಿಯಿತಲ್ಲ ಎಂದು ಅವರೆದುರಿಗೇ ಸುವರ್ಣಾಗೆ ಸಮಾಧಾನ ಹೇಳಿದೆ.

ಅವಳು ಮಗ್ಗದ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು, ನೋಟುಬುಕ್ಕು ಹಿಡಿದು ಕುಳಿತಳು. ಮೊದಲನೆಯ ದಡಿಯ ದನಿ ಶುರುವಾಯಿತು. "ಕೆಂಪು ಎರಡು, ಬಿಳಿ ಒಂದು, ಎರಡು ಬಿಟ್ಟು ಹಳದಿ..."

ಮುದುಕರ ಕಣ್ಣು ಜಂತಿಯಿಂದ ಕೆಳಗಿಳಿಯಿತು. ದನಿ ಮುಂದೆ ಹೋಯಿತು, ಸುವರ್ಣಾ ಬರೆಯುತ್ತಿದ್ದಳು. ಇದ್ದಕ್ಕಿದ್ದಂತೆ ಅವರ ಎಡಗೈ ನೆಲಕ್ಕೆ ಪಟಪಟ ಬಡಿಯಿತು. ತಲೆ ಜೋರಾಗಿ ಅಲ್ಲಾಡಿತು, ಗಂಟಲಿನಿಂದ ಒಂದು ಸಿಟ್ಟಿನ ಸದ್ದು ಬಂತು. ಹೆಂಡತಿ ಹೆದರಿ ಎದ್ದು ನಿಂತರು. ಸುವರ್ಣಾ ದನಿ ನಿಲ್ಲಿಸಿದಳು.

"ಏನಪ್ಪಾ? ಏನಾತು?"

ಅವರು ಲ್ಯಾಪ್‌ಟಾಪಿನತ್ತ ಬೆರಳು ಮಾಡಿ, ಇಲ್ಲ ಇಲ್ಲವೆಂದು ತಲೆಯಾಡಿಸಿ, ಎಡಗೈ ಎತ್ತಿ ಮೂರು ಬೆರಳು ತೋರಿಸಿದರು. ಸುವರ್ಣಾ ನೋಟುಬುಕ್ಕು ನೋಡಿದಳು, ಬೆರಳು ನೋಡಿದಳು.

"ಮೂರು ಬಿಟ್ಟು ಹಳದಿ ಏನಪ್ಪಾ? ಅವತ್ತ ತಪ್ಪಿ ಎರಡು ಅಂದಿದ್ದ್ಯಾ?"

ಮುದುಕರು ಕಣ್ಣು ಮುಚ್ಚಿ, ಕಡೆಗೂ ಒಬ್ಬರಿಗೆ ತಿಳಿಯಿತಲ್ಲ ಎಂಬಂತೆ ತಲೆಯಾಡಿಸಿದರು.

ನಾನು ಮಣೆಯ ಮೇಲೆ ತಲೆ ತಗ್ಗಿಸಿ ಕುಳಿತೆ. ಅಷ್ಟೂ ದಿನ ಆ ಬೋರ್ಡನ್ನು ನಾವಿಬ್ಬರೂ ಎಷ್ಟು ಸಲ ಅಳೆದು ನೋಡಿದ್ದೆವು. ಈ ಮನುಷ್ಯನನ್ನು ನಾವ್ಯಾರೂ ಒಂದು ಸಲವೂ ಕೇಳಿ ನೋಡಿರಲಿಲ್ಲ.

ಸುವರ್ಣಾ ಎರಡನ್ನು ಹೊಡೆದುಹಾಕಿ ಮೂರು ಬರೆದಳು. ಮತ್ತೆ ದನಿ ಹಚ್ಚಿದಳು. ಮೂರನೆಯ ಸಾಲಿಗೆ ಮತ್ತೆ ನೆಲ ಬಡಿದರು. ಹೆಂಡತಿಯೂ ಹತ್ತಿರ ಸರಿದು, "ಹಸರು ಅಲ್ಲೇನ್ರಿ ಅದು? ನನಗೂ ನೆನಪೈತಿ," ಎಂದು ನಡುವೆ ಬಾಯಿ ಹಾಕಿದರು. ಅದಕ್ಕೂ ಮುದುಕರು ಅಲ್ಲವೆಂದು ತಲೆಯಾಡಿಸಿದರು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಬರ್ತೇನ್ರಿ ಎಂದೆ. ಯಾರಿಗೂ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. ಮೂರೂ ಜನ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದರು, ಅವರಿಗೆ ನನ್ನತ್ತ ನೋಡಲು ಪುರುಸೊತ್ತಿರಲಿಲ್ಲ.